ಕಾನೂನು ಪರೀಕ್ಷೆಗೆ ಕೂತ ಮನೆ

ನಮ್ಮ ತವರಿನಲ್ಲಿ ಒಬ್ಬರು ಪರೀಕ್ಷೆಗೆ ಕೂತರೆ ಮನೆಯವರೆಲ್ಲ ಕೂತ ಹಾಗೆಯೇ. ನನ್ನ ಕಾಲದಲ್ಲೂ ಹೀಗೇ ಇತ್ತು, ಈಗಲೂ ಹೀಗೇ ಇದೆ. ಓದುವವರು ಒಬ್ಬರು, ಉತ್ತರ ಹೇಳುವವರು ಓಣಿಯ ತುಂಬ.

ನಾನು ಹುಟ್ಟಿದ್ದು ಕಮಲಾಪುರದಲ್ಲಿ, ಹೈಸ್ಕೂಲು ಓದಿದ್ದು ಕಲಬುರಗಿಯ ಶಹಾಬಜಾರದಲ್ಲಿ, ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು. ಮದುವೆಯಾಗಿ ಗ್ವಾಲಿಯರಿಗೆ ಹೋದವಳು, ಅಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಲೇ ಮುದುಕಿಯಾದೆ. ಕನಸು ಕೂಡ ಹಿಂದಿಯಲ್ಲಿ ಬೀಳುವಷ್ಟು ಕಾಲವಾಯಿತು. ಹೋದ ವರ್ಷ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂದಾಗ ಕಲಬುರಗಿಗೇ ಹೊರಟೆ. ಗ್ವಾಲಿಯರಿನಲ್ಲೂ ಕಣ್ಣಿನ ಡಾಕ್ಟರರು ಇದ್ದಾರೆ. ಆದರೆ ಪಟ್ಟಿ ಬಿಚ್ಚಿದ ಕೂಡಲೇ ತವರಿನವರ ಮುಖ ಕಾಣಲಿ ಎಂಬುದು ನನ್ನ ಆಸೆ.

ಜೇವರ್ಗಿ ಕಾಲೋನಿಯಲ್ಲಿ ತಮ್ಮನ ಮನೆ. ತಮ್ಮ, ಅವನ ಮಗ, ಸೊಸೆ, ಮೊಮ್ಮಗಳು. ಆಪರೇಶನ್ ಆಗಿ, ಕಣ್ಣು ನೆಟ್ಟಗಾಗುವ ಹೊತ್ತಿಗೆ ಮೊಮ್ಮಗಳು ಪಿಯುಸಿ ಮುಗಿಸಿ, ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಮಾತು ಬಂದಾಗಿನಿಂದ ವಾದ ಮಾಡುತ್ತಲೇ ಬೆಳೆದ ಹುಡುಗಿ. ವಕೀಲಳಾಗುವುದು ಬಿಟ್ಟು ಅವಳಿಗೆ ಬೇರೆ ಏನೂ ಬೇಡ. ಇಂಗ್ಲಿಷು, ಸಾಮಾನ್ಯ ಜ್ಞಾನ ಎಲ್ಲ ನೀರು ಕುಡಿದ ಹಾಗೆ. ಷರತ್ತಿನ ಪ್ರಶ್ನೆಗಳಲ್ಲಿ ಮಾತ್ರ ಮುಗ್ಗರಿಸುತ್ತಿದ್ದಳು. ‘ಹೀಗಾದರೆ ಹಾಗಾಗುತ್ತದೆ’ ಎಂದು ಒಂದು ಮಾತು ಕೊಟ್ಟಿರುತ್ತಾರೆ. ಅದರಿಂದ ಏನು ಹೇಳಬಹುದು, ಏನು ಹೇಳಬಾರದು ಎಂದು ಕೇಳುತ್ತಾರೆ.

ಅವಳ ಅಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಅವನು ಮೊದಲೇ ಹೇಳಿಬಿಟ್ಟಿದ್ದ: “ಈ ಸಲ ಸೀಟು ಸಿಗಲಿಲ್ಲ ಅಂದ್ರ ಹೊರಗ ಕಳಸೂದಿಲ್ಲ. ಇಲ್ಲೇ ಮನಿ ಮಗ್ಗಲ ಕಾಲೇಜಿನಾಗ ಬಿ.ಕಾಂ. ಮಾಡು.”

ಹುಡುಗಿ ಪುಸ್ತಕ ತಂದು ನನ್ನ ಮುಂದೆ ಇಟ್ಟಳು. “ಅಜ್ಜಿ, ನೀವು ಗಣಿತದವರು. ಇದೊಂದು ಪಾರು ಮಾಡಸ್ರಿ.”

ನಳ ಬಂತು

ಮೊದಲ ದಿನದ ಪ್ರಶ್ನೆ ಸುಲಭದ್ದು. ಮಳೆ ಬಂದರೆ ರಸ್ತೆ ತೋಯುತ್ತದೆ. ರಸ್ತೆ ತೋಯ್ದಿದೆ. ಹಾಗಾದರೆ ಮಳೆ ಬಂದಿದೆ ಎನ್ನಬಹುದೇ? ಹುಡುಗಿ ಹೌದು ಎಂದು ಗುರುತು ಹಾಕಿದ್ದಳು.

“ಮತ್ತೊಮ್ಮೆ ಓದು. ಬಾಯಿ ಬಿಟ್ಟು ಓದು,” ಎಂದೆ.

ಇಂಗ್ಲಿಷಿನಲ್ಲಿದ್ದುದನ್ನು ಅವಳು ಮನೆಯ ಮಾತಿನಲ್ಲಿ, ದೊಡ್ಡ ದನಿಯಲ್ಲಿ ಹೇಳಿದಳು. “ರಸ್ತಾ ತೋಯ್ದದ.”

ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅವಳ ಅವ್ವ ಹಿಟ್ಟಿನ ಕೈಯಲ್ಲೇ ಎರಡು ಕೊಡ ಎತ್ತಿಕೊಂಡು ನಮ್ಮ ನಡುವಿನಿಂದ ಹೊರಗೆ ಓಡಿದಳು. ಕಲಬುರಗಿಯ ಬೇಸಿಗೆಯಲ್ಲಿ ರಸ್ತೆ ತೋಯ್ದಿದ್ದರೆ ಅದಕ್ಕೆ ಒಂದೇ ಅರ್ಥ. ನಳ ಬಂದಿದೆ, ಮೇಲಿನ ಮನೆಯವರ ನೀರಿನ ಟಾಕಿ ತುಂಬಿ ಹರಿಯುತ್ತಿದೆ, ನಮಗೆ ತಡವಾಗಿದೆ. ಕೊಡ ಹಿಡಿದು ಓಡುವವಳನ್ನು ಕಂಡು ಪಕ್ಕದ ಮನೆಯಾಕೆ “ನಳ ಬಂತೇನ್ರಿ” ಎಂದು ಕೂಗಿ ಬಕೆಟ್ ತಂದಳು. ಆಕೆಯನ್ನು ಕಂಡು ಮತ್ತೊಬ್ಬಳು. ನೋಡನೋಡುತ್ತ ಓಣಿಯೆಲ್ಲ ಗೇಟಿನ ಹತ್ತಿರ ನಿಂತಿತ್ತು. ಎದುರುಮನೆಯ ರಾಯರು ಅರ್ಧ ಗಡ್ಡ ಬೋಳಿಸಿ, ಅರ್ಧ ಸಾಬೂನು ಇಟ್ಟುಕೊಂಡೇ ಬಂದಿದ್ದರು.

ನಳ ತಿರುವಿದರೆ ಉಸ್ ಎಂದು ಗಾಳಿ ಬಂತು.

“ರಸ್ತಾ ತೋಯ್ದದ ಅಂದ್ಯಲ್ಲಾ?” ಎಂದಳು ಸೊಸೆ, ಮಗಳ ಕಡೆ ತಿರುಗಿ.

“ಅದು ಪುಸ್ತಕದಾಗವ್ವಾ.”

“ಪುಸ್ತಕದಾಗ ತೋಯ್ದ್ರ ಪುಸ್ತಕದಾಗೇ ಹೇಳ್ಕೊ. ಓಣಿಗೆಲ್ಲಾ ಯಾಕ ಕೇಳಸ್ತಿ?”

“ಅಲ್ಲವ್ವಾ, ಮಳಿ ಬಂದಿರಬಹುದು ಅಂತ ನಿನಗ ಅನಿಸಲೇ ಇಲ್ಲೇನು?” ಎಂದು ಕೇಳಿದೆ.

ಸೊಸೆ ನನ್ನ ಕಣ್ಣನ್ನೇ ದಿಟ್ಟಿಸಿದಳು, ಆಪರೇಶನ್ ಸರಿಯಾಗಿ ಆಗಿದೆಯೋ ಇಲ್ಲವೋ ಎನ್ನುವಂತೆ. “ಏಪ್ರಿಲ್ ತಿಂಗಳಾಗ? ಕಲಬುರಗ್ಯಾಗ?”

ಹುಡುಗಿ ತನ್ನ ಉತ್ತರಕ್ಕೆ ಕಾಟು ಹಾಕಿದಳು. ಬಂದವರೆಲ್ಲ ಖಾಲಿ ಕೊಡ ಹೊತ್ತು ಹಿಂತಿರುಗಿದರು. ರಾಯರು ಮಾತ್ರ ಗೇಟು ಹಿಡಿದು ನಿಂತೇ ಇದ್ದರು. “ನಮ್ಮ ಮನ್ಯಾಗಿನ ಚೂರು ನೀರು ನಳ ಬಂತಂತ ಗಿಡಕ್ಕ ಚೆಲ್ಲಿ ಬಂದೀನಿ. ಈಗ ಈ ಅರ್ಧ ಮಾರಿ ಯಾವ ಪುಸ್ತಕದಾಗ ತೊಳಕೊಳ್ಳಲಿ?”

ಮುಟ್ಟಿದರೆ ಸ್ನಾನ

ಎರಡನೆಯ ತೊಡಕು ಇದಕ್ಕಿಂತ ಹಳೆಯದು. ‘ಹೀಗಾದರೆ ಹಾಗಾಗುತ್ತದೆ’ ಎಂದರೆ, ‘ಹೀಗಾಗದಿದ್ದರೆ ಹಾಗಾಗುವುದಿಲ್ಲ’ ಎಂದು ಹುಡುಗಿ ತಾನೇ ಸೇರಿಸಿಕೊಳ್ಳುತ್ತಿದ್ದಳು. ಇದು ಅವಳಿಗೆ ಎಲ್ಲಿಂದ ಬಂತೆಂದು ನನಗೆ ಕೂಡಲೇ ತಿಳಿಯಿತು. ಬಂದ ಮೂಲ ಅಲ್ಲೇ ಆರಾಮ ಕುರ್ಚಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿತ್ತು. ನನ್ನ ತಮ್ಮ.

ಶಹಾಬಜಾರದ ದೊಡ್ಡಮ್ಮನ ಮನೆಯಲ್ಲಿ ಮಡಿ ಬಹಳ. ಆಕೆ ಬೆಳಿಗ್ಗೆ ಮಿಂದು, ಒದ್ದೆ ಸೀರೆ ಉಟ್ಟು ಅಡಿಗೆಗೆ ನಿಂತರೆ, ಸ್ನಾನ ಮಾಡದ ನಮ್ಮನ್ನು ಕಂಡು ಗೋಡೆಗೆ ಅಂಟಿಕೊಂಡೇ ಓಡಾಡುತ್ತಿದ್ದಳು. “ಮುಟ್ಟಿದ್ರ ಮತ್ತ ಸ್ನಾನ ಮಾಡಬೇಕಾಗ್ತದ, ದೂರ ಸರೀರಿ” ಎಂಬುದೇ ಆ ಮನೆಯ ಸುಪ್ರಭಾತ. ಮಾಘಮಾಸದ ಚಳಿ. ಅಂಗಳದ ಬಾವಿಯಿಂದ ಸೇದಿದ ನೀರು. ಒಂದು ದಿನ ಕಟ್ಟಿಗೆ ಹಸಿಯಾಗಿ ಹಂಡೆ ಕಾಯಲಿಲ್ಲ. ತಮ್ಮನೂ ಆಗ ನನ್ನ ಜೊತೆ ಅಲ್ಲೇ ಇದ್ದ, ಪ್ರೈಮರಿ ಶಾಲೆಯ ಹುಡುಗ. ಕಂಬಳಿ ಹೊದ್ದು ಪಡಸಾಲೆಯಲ್ಲಿ ಕೂತುಬಿಟ್ಟ.

“ಏಳೋ, ಸ್ನಾನಕ್ಕ ನಡಿ,” ಎಂದಳು ದೊಡ್ಡಮ್ಮ.

“ಮುಟ್ಟಿದ್ರ ಸ್ನಾನ ಅಂತ ನೀನೇ ಹೇಳ್ತಿ. ನಾ ಯಾರನ್ನೂ ಮುಟ್ಟಿಲ್ಲ. ನನಗ ಸ್ನಾನ ಇಲ್ಲ.”

ನಾನೂ ಹತ್ತಿರ ಬಂದು ನಿಂತೆ. ವಾದ ಗೆದ್ದರೆ ನನಗೂ ಆ ದಿನ ಸ್ನಾನ ತಪ್ಪುತ್ತಿತ್ತು. ದೊಡ್ಡಮ್ಮ ಮಡಿಯ ಕೈಯನ್ನೇ ಚಾಚಿ ಅವನ ಕಿವಿ ಹಿಡಿದಳು.

ತಮ್ಮ ಕಿರುಚಿಕೊಂಡ. “ಮುಟ್ಟಿದಾಕಿ ನೀನು. ನೀ ಮಾಡು ಸ್ನಾನ.”

“ಮಾಡ್ತೀನಿ, ನಾ ಎಲ್ಲಿ ಒಲ್ಲೆ ಅಂದೆ? ಮೊದಲ ನಿಂದಾಗ್ಲಿ,” ಎನ್ನುತ್ತ ಬಚ್ಚಲಿಗೆ ಎಳೆದುಕೊಂಡು ಹೋಗಿ ಅವನ ತಲೆಯ ಮೇಲೆ ಕೊಡಪಾನ ಬೋರಲು ಹಾಕಿದಳು.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಮೊಮ್ಮಗಳಿಗೆ ತನ್ನ ತಪ್ಪು ಹೊಳೆದಿತ್ತು. “ಅಜ್ಜಾ, ಮುಟ್ಟಿದ್ರ ಸ್ನಾನ ಅಂದ್ರ, ಮುಟ್ಟಲಿಲ್ಲ ಅಂದ್ರ ಸ್ನಾನ ಇಲ್ಲ ಅಂತ ಅರ್ಥ ಅಲ್ಲ. ಬ್ಯಾರೆ ಕಾರಣಕ್ಕೂ ಮಾಡಬೇಕಾಗ್ತದ. ನಿಮ್ಮ ವಾದ ತಪ್ಪಿತ್ತು.”

ತಮ್ಮ ಅಡಕತ್ತರಿ ಕೆಳಗಿಟ್ಟ. “ವಾದ ತಪ್ಪಿತ್ತೋ ಸರಿ ಇತ್ತೋ ನನಗ ಗೊತ್ತಿಲ್ಲವ್ವಾ. ನೀರು ತಣ್ಣಗಿತ್ತು.”

ಪೇಪರಿನ ಹಿಂದಿನ ವಿದ್ಯಾರ್ಥಿ

ಹುಡುಗಿಯ ಅಪ್ಪ ನಮ್ಮ ಪಾಠಕ್ಕೂ ತನಗೂ ಸಂಬಂಧವಿಲ್ಲ ಎನ್ನುವಂತೆ ಮೂಲೆಯಲ್ಲಿ ಪೇಪರು ಹಿಡಿದು ಕೂರುತ್ತಿದ್ದ. ಎರಡು ದಿನ ನೋಡಿದೆ. ಪುಟ ತಿರುಗಲೇ ಇಲ್ಲ.

ಒಂದು ಸಂಜೆ ಹುಡುಗಿ ಪ್ರಶ್ನೆ ಓದಿದಳು. “ದೀಪ ಉರಿಯುತ್ತಿದ್ದರೆ ಅಂಗಡಿ ತೆರೆದಿದೆ. ಅಂಗಡಿ ತೆರೆದಿಲ್ಲ. ಹಾಗಾದರೆ?”

ಅವಳು ಯೋಚಿಸುತ್ತಿರುವಾಗಲೇ ಪೇಪರಿನ ಹಿಂದಿನಿಂದ ದನಿ ಬಂತು. “ದೀಪ ಉರೀಲಿಕ್ಕತ್ತಿಲ್ಲ.”

“ಸರಿ ಅದ ಅಪ್ಪಾ,” ಎಂದು ಹುಡುಗಿ ಮುಂದಿನದು ಓದಿದಳು. “ದೀಪ ಉರಿಯುತ್ತಿಲ್ಲ. ಅಂಗಡಿ?”

“ಮುಚ್ಚ್ಯದ,” ಎಂದ ಆರಾಮ ಕುರ್ಚಿಯಲ್ಲಿದ್ದ ನನ್ನ ತಮ್ಮ.

ಈ ಸಲ ಪೇಪರು ಕೆಳಗಿಳಿಯಿತು. “ಹಾಂಗ ಹೇಳ್ಲಿಕ್ಕ ಬರೂದಿಲ್ಲ ಅಪ್ಪಾ. ಕರೆಂಟ್ ಹೋಗಿರಬಹುದು.”

ಅಂದಿನಿಂದ ಅವನು ಬಹಿರಂಗವಾಗಿಯೇ ನನ್ನ ವಿದ್ಯಾರ್ಥಿಯಾದ. ಬ್ಯಾಂಕಿನಿಂದ ಬಂದು, ಚಹಾ ಕುಡಿಯುವ ಮೊದಲೇ “ಇವತ್ತಿನ ಪ್ರಶ್ನಿ ಎಲ್ಲದಾವ?” ಎಂದು ಕೇಳುವಷ್ಟು ಹುಚ್ಚು ಹಿಡಿಯಿತು. ಮಗಳಿಗಿಂತ ಬೇಗ ಕಲಿತ. ಮಗಳು ಅವನ ಉತ್ತರಗಳನ್ನು ತಿದ್ದಿ ಅಂಕ ಹಾಕುತ್ತಿದ್ದಳು. ಒಂದು ಭಾನುವಾರ ಇಬ್ಬರೂ ಒಂದೇ ಪ್ರಶ್ನೆಪತ್ರಿಕೆ ಬಿಡಿಸಿದರು. ಅಪ್ಪನಿಗೇ ಹೆಚ್ಚು ಬಂತು. ಅವನ ನಗು ಮುಖದಲ್ಲಿ ಹಿಡಿಸುತ್ತಿರಲಿಲ್ಲ.

ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. “ಚಲೋ ಆತು ಬಿಡ್ರಿ. ಸೀಟು ಇವರಿಗೇ ಸಿಕ್ರ ಹಾಸ್ಟೆಲಿಗೆ ಇವರನ್ನೇ ಕಳಸೋಣು. ಮನಿ ತಣ್ಣಗಿರ್ತದ.”

ಭರ್ತಿ

ಓದಿ ಓದಿ ಹುಡುಗಿಯ ಮುಖ ಸೊರಗಿತ್ತು. ಒಂದು ದಿನ ಪುಸ್ತಕ ಮುಚ್ಚಿಸಿ, “ನಡಿ, ನಾ ಹುಟ್ಟಿದ ಊರು ತೋರಸ್ತೀನಿ” ಎಂದು ಕಮಲಾಪುರಕ್ಕೆ ಹೊರಡಿಸಿದೆ. ಬಸ್ಸು ಈಗಷ್ಟೇ ಹೋಯಿತು ಎಂದರು. ರಸ್ತೆಯ ಬದಿಗೆ ಒಂದು ಜೀಪು ನಿಂತಿತ್ತು.

“ಬರ್ರೀ ಅಮ್ಮಾ, ಕೂಡ್ರಿ. ಭರ್ತಿ ಆದ್ರ ಬಿಟ್ಟೇಬಿಡ್ತೀನಿ,” ಎಂದ ಡ್ರೈವರ್.

ಕೂತೆವು. ಸೀಟುಗಳು ತುಂಬಿದವು. ಡ್ರೈವರ್ ಹೊರಗೆ ನಿಂತು “ಕಮಲಾಪುರ, ಕಮಲಾಪುರ” ಎಂದು ಕೂಗುತ್ತಲೇ ಇದ್ದ. ಸೀಟುಗಳ ನಡುವಿನ ಜಾಗದಲ್ಲಿ ಜೋಳದ ಚೀಲ ಬಂತು, ಚೀಲದ ಮೇಲೆ ಅದರ ಒಡೆಯ ಬಂದ. ಆಮೇಲೆ ಒಬ್ಬಾಕೆ ಮಗುವಿನೊಂದಿಗೆ ಹತ್ತಿದಳು. ಮಗು ನನ್ನ ತೊಡೆಯ ಮೇಲೆ ಕೂತು ನನ್ನ ಹೊಸ ಕನ್ನಡಕಕ್ಕೆ ಕೈ ಹಾಕಿತು.

“ಭರ್ತಿ ಆಗ್ಯದಲ್ಲಪ್ಪಾ, ಬಿಡು,” ಎಂದೆ.

“ಎಲ್ಲಿ ಭರ್ತಿ ರೀ ಅಮ್ಮಾ? ನೀವು ಇನ್ನಾ ಮಾತಾಡ್ಲಿಕ್ಕತ್ತೀರಿ ಅಂದ್ರ ಉಸುರಾಡ್ಲಿಕ್ಕ ಜಾಗಾ ಅದ ಅಂತ ಆತಲ್ಲಾ.”

ಮೊಮ್ಮಗಳು ನನ್ನ ಕಿವಿಯಲ್ಲಿ ಹೇಳಿದಳು. “ಅಜ್ಜಿ, ಪುಸ್ತಕದಾಗ ಷರತ್ತು ಕೊಟ್ಟಿರ್ತಾರ. ಷರತ್ತು ಪೂರಾ ಆಗೂದು ಯಾವಾಗ ಅಂತ ಎಲ್ಲೂ ಕೊಟ್ಟಿರೂದಿಲ್ಲ.”

ಚೀಲದ ಮೇಲೆ ಕೂತವನು ಅವಳನ್ನು ಮೆಚ್ಚಿ ತಲೆಯಾಡಿಸಿದ. “ಖರೇ ಮಾತು ತಂಗಿ. ನಾ ದಿನಾ ಹೋಗ್ತೀನಿ, ನನಗೂ ಗೊತ್ತಾಗಿಲ್ಲ.”

ಕಡೆಗೆ ಡ್ರೈವರನ ಪಕ್ಕಕ್ಕೆ ಮೂವರು ಬಂದು, ಅವರಲ್ಲಿ ಒಬ್ಬ ಡ್ರೈವರನ ಸೀಟಿನ ಮೇಲೆಯೇ ಅರ್ಧ ಸರಿದ. ಡ್ರೈವರ್ ಬಂದು ತನ್ನ ಜಾಗ ನೋಡಿದ. ಒಂದು ತೊಡೆ ಒಳಗೆ, ಒಂದು ತೊಡೆ ಹೊರಗೆ ಇಟ್ಟು, ಬಾಗಿಲು ಹಾಕದೆಯೇ ಸ್ಟೇರಿಂಗು ಹಿಡಿದು, ನಮ್ಮ ಕಡೆ ಸಮಾಧಾನದಿಂದ ತಿರುಗಿದ.

“ಈಗ ಭರ್ತಿ ಆತು ನೋಡ್ರಿ.”

ಕೆಂಪು ಬಾಳೆಹಣ್ಣು

ನಾನು ಹುಟ್ಟಿದ ಮನೆಯಿದ್ದ ಜಾಗದಲ್ಲಿ ಈಗ ಸಿಮೆಂಟು ಮಾರುತ್ತಾರೆ. “ಎಷ್ಟು ಚೀಲ ಬೇಕ್ರಿ?” ಎಂದು ಕೇಳಿದರು. ಏನೂ ಬೇಡಪ್ಪಾ, ಹುಟ್ಟಿದ ಜಾಗ ನೋಡಲು ಬಂದೆ ಎಂದೆ. ಕುರ್ಚಿ ಹಾಕಿ ನೀರು ಕೊಟ್ಟರು. ನಮ್ಮ ದೇವರಮನೆ ಇದ್ದಿರಬಹುದಾದ ಕಡೆ ಕೂತು ನೀರು ಕುಡಿದೆ. ಹಿಂದೆ ಅಲ್ಲಿಂದ ಕಿಟಕಿ ತೆರೆದರೆ ಬಾಳೆಯ ತೋಟ ಕಾಣುತ್ತಿತ್ತು. ಕಮಲಾಪುರದ ಬಾಳೆಹಣ್ಣು ಕೆಂಪು. ದಪ್ಪ ಸಿಪ್ಪೆ, ಒಳಗೆ ಕೆನೆಯಂಥ ತಿರುಳು. ಜ್ವರ ಬಂದು ಬಿಟ್ಟ ಮೇಲೆ ಅವ್ವ ಮೊದಲು ತಿನ್ನಿಸುತ್ತಿದ್ದುದೇ ಅದನ್ನು.

ಗ್ವಾಲಿಯರಿನಲ್ಲಿ ಒಮ್ಮೆ ಕೈಗಾಡಿಯ ಮೇಲೆ ಕೆಂಪು ಬಾಳೆಹಣ್ಣು ಕಂಡು ನನಗೆ ನಡುರಸ್ತೆಯಲ್ಲೇ ಕಣ್ಣೀರು ಬಂದಿತ್ತು. ನಮ್ಮೂರಿನವು ಎಂದು ಗೊನೆಯನ್ನೇ ಕೊಂಡು ಮನೆಗೆ ತಂದೆ. ಯಜಮಾನರು ಒಂದು ತಿಂದು, “ನಿಮ್ಮೂರಿನ ಹೆಸರು ಇಷ್ಟಕ್ಕೇ ಏನು?” ಎಂದರು. ನಾನೂ ತಿಂದೆ. ಒದ್ದೆ ಅರಳೆ ಅಗಿದ ಹಾಗಿತ್ತು. ಎಲ್ಲಿಯವೋ ಏನೋ. ನಮ್ಮೂರಿನವು ಕೆಂಪಗಿರುತ್ತವೆ ಎಂಬುದು ನಿಜ. ಕೆಂಪಗಿದ್ದುದೆಲ್ಲ ನಮ್ಮೂರಿನದಲ್ಲ.

ಹಿಂತಿರುಗುವಾಗ ರಸ್ತೆಯ ಬದಿಗೆ ಬುಟ್ಟಿ ಇಟ್ಟುಕೊಂಡ ಒಬ್ಬಾಕೆಯ ಹತ್ತಿರ ನಿಂತೆವು. ಮೊಮ್ಮಗಳಿಗೆ ಈ ಕಥೆ ಆಗಲೇ ಹೇಳಿದ್ದೆ. ಅವಳು ವಕೀಲರ ಹಾಗೆ ಶುರುಮಾಡಿದಳು.

“ಇವು ಇಲ್ಲಿವೇನ್ರಿ?”

“ಕೆಂಪ ಅದಾವಲ್ಲ ತಾಯಿ, ಮತ್ತೆಲ್ಲಿವು ಇರ್ತಾವ?”

“ಕೆಂಪ ಇದ್ದ ಮಾತ್ರಕ್ಕ ಕಮಲಾಪುರದ್ದು ಅಂತ ಹೇಳ್ಲಿಕ್ಕ ಬರೂದಿಲ್ರಿ.”

ಬುಟ್ಟಿಯಾಕೆ ಅವಳನ್ನು ಮೇಲಿಂದ ಕೆಳಗೆ ನೋಡಿ, ಒಂದು ಹಣ್ಣು ಕಿತ್ತು ಕೊಟ್ಟಳು. “ತಿಂದು ನೋಡು. ಇಲ್ಲಿದಲ್ಲ ಅಂದ್ರ ರೊಕ್ಕ ಕೊಡಬ್ಯಾಡ.”

ಹುಡುಗಿ ತಿಂದಳು. ಅವಳ ಕಣ್ಣು ಅರಳಿದ್ದನ್ನು ನಾನು ನೋಡಿದೆ. ಬುಟ್ಟಿಯಾಕೆಯೂ ನೋಡಿದಳು. ಆದರೆ ಹುಡುಗಿಗೆ ಷರತ್ತಿನಲ್ಲಿ ಸಂದು ಕಂಡಿತ್ತು. ಅಲ್ಲ ಎಂದರೆ ಪುಕ್ಕಟೆ. “ಅಲ್ಲ ಅಂತ ಅಂದ್ರ?” ಎಂದಳು ಮೆಲ್ಲಗೆ.

“ಅನ್ನು. ಇನ್ನೊಂದೂ ಪುಕ್ಕಟ ಕೊಡ್ತೀನಿ.” ಬುಟ್ಟಿಯಾಕೆ ನನ್ನ ಕಡೆ ಬೊಟ್ಟು ಮಾಡಿದಳು. “ಆಮ್ಯಾಲ ಆ ಅವ್ವಗ ಮಾತ್ರ ಹೇಳು, ಇಕಿ ನನ್ನ ಮೊಮ್ಮಗಳು ಅಂತ ಈ ಊರಾಗ ಯಾರ ಮುಂದೂ ಹೇಳಬ್ಯಾಡ ಅಂತ.”

ನಮ್ಮ ವಕೀಲರು ಮೊದಲ ಕೇಸು ಸೋತು, ಎರಡು ಚಿಪ್ಪು ಹಣ್ಣು ಕೊಂಡರು.

ಅಡಿಗೆಮನೆಯ ಬಾಗಿಲು

ಪರೀಕ್ಷೆ ಮುಗಿಯಿತು. ಫಲಿತಾಂಶದ ದಿನ ನಾನು ಇನ್ನೂ ಅಲ್ಲೇ ಇದ್ದೆ. ಕಣ್ಣು ಎಂದೋ ನೆಟ್ಟಗಾಗಿತ್ತು, ಹೊರಡಲು ನನಗೇ ಮನಸ್ಸಿರಲಿಲ್ಲ. ಸಂಜೆ ಹುಡುಗಿ ಮೊಬೈಲು ಹಿಡಿದು ನಡುಮನೆಗೆ ಓಡಿ ಬಂದಳು. ಸೀಟು ಸಿಕ್ಕಿತ್ತು. ಕಾಲೇಜು ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯಷ್ಟು ದೂರದ ಊರಿನಲ್ಲಿ. ತಮ್ಮ ಅವಳ ತಲೆ ಸವರಿದ. ಸೊಸೆ ಒಲೆಯ ಮೇಲೆ ಬೇಳೆ ಇಟ್ಟಿದ್ದಳು, ಹೋಳಿಗೆಯನ್ನೇ ಮಾಡುತ್ತೇನೆ ಎಂದು ಬೆಲ್ಲ ಹುಡುಕಲು ಹೋದಳು.

ಆಗ ಬ್ಯಾಂಕಿನಿಂದ ಅಪ್ಪ ಬಂದ. ವಿಷಯ ಕೇಳಿದ. ಯಾವ ಊರು ಎಂದು ಕೇಳಿದ. ಅವನ ಮುಖ ಇಳಿಯಿತು. ಕುರ್ಚಿಯಲ್ಲಿ ಕೂತು ನಿಧಾನವಾಗಿ ಹೇಳಿದ.

“ಅಷ್ಟು ದೂರ ಕಳಸೂದಾಗೂದಿಲ್ಲ.”

“ಅಪ್ಪಾ, ಸೀಟು ಸಿಕ್ಕದಲ್ಲಾ. ನೀವೇ ಹೇಳಿದ್ರಿ.”

“ನಾ ಏನ ಹೇಳಿದ್ದೆ? ಸೀಟು ಸಿಗಲಿಲ್ಲ ಅಂದ್ರ ಕಳಸೂದಿಲ್ಲ ಅಂದಿದ್ದೆ. ಸಿಕ್ರ ಕಳಸ್ತೀನಿ ಅಂತ ಯಾವಾಗ ಅಂದೆ?”

ಹುಡುಗಿ ನನ್ನ ಮುಖ ನೋಡಿದಳು. ನಾನು ನನ್ನ ಕೈ ನೋಡಿಕೊಂಡೆ. ಆ ಬೇಸಿಗೆಯಲ್ಲಿ ನಾನು ಹೇಳಿಕೊಟ್ಟದ್ದನ್ನು ಇಷ್ಟು ಚೊಕ್ಕವಾಗಿ ಯಾರೂ ಒಪ್ಪಿಸಿರಲಿಲ್ಲ.

“ಉತ್ತರ ಸರಿ ಅದ, ಅಜ್ಜಿ,” ಎಂದಳು ಹುಡುಗಿ. ಅವಳ ಕಣ್ಣು ತುಂಬಿತ್ತು.

“ಇದೇನು ಮನ್ಯೋ ಕೋರ್ಟೋ?” ಎಂದು ತಮ್ಮ ಮಗನ ಮೇಲೆ ರೇಗಿದ.

“ನೀ ಹಾಂಗ ಮಾಡಬಾರದಪ್ಪಾ,” ಎಂದೆ ನಾನು. “ದೂರ ಹೋದ್ರ ಏನಾಗ್ತದ? ರೈಲು ಅದಾವ.”

ಅವನು ತಿರುಗಿ ನನ್ನನ್ನೇ ನೋಡಿದ. “ಅತ್ತಿ, ನೀವೂ ಹೀಂಗೇ ಹೋದ್ರಿ. ಪ್ರತಿ ದೀಪಾವಳಿಗೆ ಅಕ್ಕ ಬರ್ತಾಳ ಅಂತ ನಮ್ಮಪ್ಪ ಸ್ಟೇಶನ್ನಿಗೆ ಹೋಗಿ ಬರ್ತಿದ್ದ.”

“ಈಗ ಬಂದೀನಲ್ಲೋ.”

“ಕಣ್ಣು ಕಾಣಸದಂಗ ಆದ ಮ್ಯಾಲ ಬಂದ್ರಿ.”

ತಮ್ಮ ಅಡಕತ್ತರಿಯನ್ನು ತೆರೆಯುತ್ತ ಮುಚ್ಚುತ್ತ ಕೂತ.

ಅಡಿಗೆಮನೆಯಲ್ಲಿ ಟಪ್ ಎಂದು ಗ್ಯಾಸ್ ಆರಿಸಿದ ಸದ್ದು ಕೇಳಿಸಿತು. ಸೊಸೆ ಬಾಗಿಲಿಗೆ ಬಂದು ನಿಂತಳು. ಸೆರಗಿಗೆ ಕೈ ಒರೆಸಿಕೊಂಡು, ಮಗ್ಗಿ ಹೇಳುವಷ್ಟೇ ಶಾಂತವಾಗಿ ಹೇಳಿದಳು.

“ಕೇಳ್ರಿ. ಅಕಿ ಹೋಗಲಿಲ್ಲ ಅಂದ್ರ ಈ ಮನ್ಯಾಗ ಒಲಿ ಹತ್ತೂದಿಲ್ಲ.”

“ಏನದು, ಧಮಕಿ ಏನು?”

“ಧಮಕಿ ಅಲ್ರಿ. ಷರತ್ತು.”

ಅವನು ಪೇಪರು ತೆಗೆದುಕೊಂಡ, ಕೆಳಗಿಟ್ಟ. ಎದ್ದು ಹೋಗಿ ಅರ್ಧ ಬೆಂದ ಬೇಳೆ ನೋಡಿ ಬಂದ. ಅಂಗಳಕ್ಕೆ ಹೋಗಿ ನಿಂತ, ಮತ್ತೆ ಒಳಗೆ ಬಂದ. ಹುಡುಗಿ ಗೋಡೆಗೆ ಆತು ಕೂತಿದ್ದಳು. ಅವಳ ಎದುರಿಗೆ ಬಂದು ನಿಂತು, “ದೀಪಾವಳಿಗೆ ಬರ್ತೀಯೇನು?” ಎಂದ.

“ಬರ್ತೀನಿ ಅಪ್ಪಾ.”

“ರಜಾ ಕೊಡಲಿಲ್ಲ ಅಂದ್ರ?”

“ಕೊಡಲಿಲ್ಲ ಅಂದ್ರೂ ಬರ್ತೀನಿ.”

“ಆತು. ಹೋಗ್ಲಿ,” ಎಂದವನೇ ಕುರ್ಚಿಗೆ ಹೋಗಿ ಕೂತು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಹುಡುಗಿ ನನ್ನ ಕೊರಳಿಗೆ ಬಿದ್ದಳು. ಪೇಪರಿನ ಹಿಂದೆ ಮೂಗು ಒರೆಸಿಕೊಳ್ಳುವ ಸದ್ದಾಯಿತು. ತುಸು ಹೊತ್ತಿನ ಮೇಲೆ, ಹಸಿದವನ ದನಿಯಲ್ಲಿ ಅಲ್ಲಿಂದಲೇ ಕೇಳಿದ.

“ಅಕಿ ಅಂತೂ ಹೊಂಟ್ಲು. ಇನ್ನ ಒಲಿ ಹತ್ತಸ್ತೀಯಲ್ಲಾ?”

ಸೊಸೆ ಅಡಿಗೆಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ, ಆರಾಮಾಗಿ ಕೂತುಕೊಂಡಳು.

“ಹೋಗಲಿಲ್ಲ ಅಂದ್ರ ಹತ್ತೂದಿಲ್ಲ ಅಂದೆ. ಹೋದ್ರ ಹತ್ತತದ ಅಂತ ಯಾವಾಗ ಅಂದೆ ರೀ?”